ಎರಡನೇ ಕೀಲಿ

ಕೇಳುಗರಿಗೆ ನಮಸ್ಕಾರ. ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ ಇವತ್ತಿನ ಮಾತು. ಹೇಳುವುದು ಒಂದೇ: ಲಿನಕ್ಸ್ ಸರ್ವರಿನ ಒಳಗಿನ ಕಾವಲುಗಾರ ಎಸ್‌ಇ ಲಿನಕ್ಸ್, ಅದನ್ನು ಆಫ್ ಮಾಡಬೇಡಿ.

ಬ್ಯಾಂಕ್ ಲಾಕರ್ ನೋಡಿದ್ದೀರಿ ಅಲ್ವಾ? ನಿಮ್ಮ ಕೀಲಿ ಒಂದೇ ಸಾಲದು, ಬ್ಯಾಂಕಿನವರ ಕೀಲಿಯೂ ಬೇಕು. ಲಿನಕ್ಸ್‌ನಲ್ಲೂ ಹಾಗೇ. ಫೈಲಿನ ಒಡೆಯ ಕೊಡುವ ಪರ್ಮಿಷನ್ ಮೊದಲ ಕೀಲಿ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರ ಕೈಯಲ್ಲಿರುವ ನಿಯಮ ಎರಡನೆಯದು; ಅದೇ ಎಸ್‌ಇ ಲಿನಕ್ಸ್. ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ ಓಡುವ ಪ್ರೋಗ್ರಾಂಗೂ ಇದು ತಪ್ಪಿದ್ದಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ 2000ನೇ ಇಸವಿಯಲ್ಲಿ ಇದನ್ನು ಬಿಡುಗಡೆ ಮಾಡಿತು. 2003ರಲ್ಲಿ ಲಿನಕ್ಸ್ ಕರ್ನಲ್‌ಗೇ ಸೇರಿಕೊಂಡಿತು.

ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ. ಒಂದು ಕಚೇರಿಯ ವೆಬ್‌ಸೈಟ್. ಹೊಸ ಪುಟವನ್ನು ನನ್ನ ಹೋಮ್ ಫೋಲ್ಡರ್‌ನಲ್ಲಿ ತಯಾರಿಸಿ, ಎಂವಿ ಕಮಾಂಡ್ ಕೊಟ್ಟು ವೆಬ್ ಫೋಲ್ಡರ್‌ಗೆ ಸಾಗಿಸಿದೆ. ಬ್ರೌಸರ್ ತೆರೆದರೆ 403, ಪ್ರವೇಶವಿಲ್ಲ. ಪರ್ಮಿಷನ್ ನೋಡಿದೆ, ಸರಿಯಾಗೇ ಇತ್ತು. 777 ಕೊಟ್ಟೆ. ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು. ಆಗಲೂ 403. ಪುಟಗಳನ್ನು ಕಳಿಸುವ ವೆಬ್ ಸರ್ವರ್ ಅಪಾಚೆ ನಿಲ್ಲಿಸಿ ಮತ್ತೆ ಶುರು ಮಾಡಿದೆ. 403. ಪಕ್ಕದಲ್ಲಿದ್ದ ಗೆಳೆಯ, "ಸೆಟ್‌ಎನ್‌ಫೋರ್ಸ್ ಸೊನ್ನೆ ಹೊಡಿ ಮಾರಾಯ" ಅಂದ. ಎಸ್‌ಇ ಲಿನಕ್ಸ್ ತಡೆಯುವುದನ್ನು ನಿಲ್ಲಿಸುವ ಕಮಾಂಡ್ ಅದು. ಹೊಡೆದೆ. ಪುಟ ಬಂತು! ಮನೆಗೆ ಹೋದೆವು. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ. ಒಂದು ಪುಟಕ್ಕಾಗಿ ಇಡೀ ಸರ್ವರಿನ ಕಾವಲು ತೆಗೆದು ಬಂದಿದ್ದೆವು.

ಎಸ್‌ಇ ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಒಂದು ಲೇಬಲ್ ಇರುತ್ತದೆ, ಅದನ್ನು ನೋಡಿಯೇ ಯಾರು ಓದಬಹುದು ಅಂತ ತೀರ್ಮಾನ. ಬೆಳಿಗ್ಗೆ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಜೊತೆ ದೊಡ್ಡಕ್ಷರದ ಝಡ್ ಹಾಕಿ ಲೇಬಲ್ ನೋಡಿದೆ. ಬೇರೆ ಫೈಲುಗಳ ಮೇಲೆಲ್ಲ ವೆಬ್ ಸರ್ವರ್ ಓದಬಹುದಾದ ಲೇಬಲ್ ಇತ್ತು. ನನ್ನದರ ಮೇಲೆ ಮಾತ್ರ 'ಯೂಸರ್ ಹೋಮ್'. ಎಂವಿ ಮಾಡಿದರೆ ಹಳೇ ಲೇಬಲ್ ಜೊತೆಗೇ ಬರುತ್ತದೆ. ಸಿಪಿ, ಅಂದರೆ ನಕಲು ಮಾಡಿದ್ದರೆ ಹೊಸ ಜಾಗದ ಲೇಬಲ್ ಸಿಗುತ್ತಿತ್ತು. ಕರ್ನಲ್ ತಡೆದದ್ದು ಸರಿಯೇ! ಯಾರದೋ ಮನೆಯ ಫೈಲನ್ನು ವೆಬ್ ಸರ್ವರ್ ಓದಬಾರದು. ಜಾಗಕ್ಕೆ ತಕ್ಕ ಲೇಬಲ್ ಹಾಕುವ ರಿಸ್ಟೋರ್‌ಕಾನ್ ಅಂತ ಒಂದು ಕಮಾಂಡ್ ಕೊಟ್ಟೆ. ಸೆಟ್‌ಎನ್‌ಫೋರ್ಸ್‌ನ ಸೊನ್ನೆಯನ್ನು ಒಂದು ಮಾಡಿ ಕಾವಲು ಮತ್ತೆ ಹಾಕಿದೆ. ಪುಟ ಬಂತು.

ಯಾಕೆ ತಡೆದೆ ಅಂತ ಎಸ್‌ಇ ಲಿನಕ್ಸೇ ಬರೆದಿಡುತ್ತದೆ, ಸ್ವಾಮಿ. ಅದು ಬರೆದಿಡುವ ಆಡಿಟ್ ಲಾಗ್ ಫೈಲಿನಲ್ಲಿ 'ಡಿನೈಡ್' ಅಂತ ಹುಡುಕಿ. ಯಾವ ಪ್ರೋಗ್ರಾಂ, ಯಾವ ಲೇಬಲ್, ಎಲ್ಲ ಒಂದೇ ಸಾಲಿನಲ್ಲಿದೆ. ಆ ಒಂದು ಸಾಲು ಓದದೆ ಸುಮ್ನೆ ಆಫ್ ಮಾಡುತ್ತೀರಲ್ಲ, ಅದಕ್ಕೇ ನನಗೆ ಬೇಜಾರು.

ಪಾಲಿಸಿ, ಅಂದರೆ ಈ ನಿಯಮಗಳನ್ನು ಬರೆಯುವುದರ ಬಗ್ಗೆಯೂ ಹೇಳಬೇಕಿತ್ತು, ಸಮಯ ಜಾಸ್ತಿ ಉಳಿದಿಲ್ಲ. 2014ರ ಆಂಡ್ರಾಯ್ಡ್ 5ರಿಂದ ಫೋನುಗಳಲ್ಲೂ ಇದು ಪೂರ್ತಿ ಜಾರಿಯಲ್ಲಿದೆ. ನಿಮ್ಮ ಜೇಬಿನಲ್ಲಿರುವ ಫೋನಿಗೆ ಇರುವ ಕಾವಲು ಸರ್ವರ್‌ಗೆ ಬೇಡವಾ? ಇವತ್ತೇ ಗೆಟ್‌ಎನ್‌ಫೋರ್ಸ್ ಅಂತ ಟೈಪ್ ಮಾಡಿ ನೋಡಿ. 'ಎನ್‌ಫೋರ್ಸಿಂಗ್' ಅಂತ ಬರಬೇಕು. 'ಪರ್ಮಿಸಿವ್' ಅಂತ ಬಂದರೆ ಅದು ಬರೆದಿಡುತ್ತದೆ ಅಷ್ಟೇ, ತಡೆಯುತ್ತಿಲ್ಲ; ಲಾಗ್ ತೆರೆದು ಕೂತುಕೊಳ್ಳಿ. ನಮಸ್ಕಾರ.