ಸ್ವರ್ಗಕ್ಕೊಂದು ಅರ್ಜಿ

ಕೇಳುಗರಿಗೆ ನಮಸ್ಕಾರ.

ಚೀನಾದ ದಾವೊ ಧರ್ಮ ಅಂದ ತಕ್ಷಣ ನಮಗೆ ಅಲ್ಲಿನ ಹಳೆಯ ಜ್ಞಾನಿ ಲಾವೋತ್ಸೆ ನೆನಪಾಗುತ್ತಾನೆ. ನೀರಿನಂತೆ ಇರಬೇಕು, ಸುಮ್ಮಸುಮ್ನೆ ಹೆಣಗಾಡಬಾರದು ಎಂಬ ಮಾತುಗಳು ನೆನಪಾಗುತ್ತವೆ. ಆದರೆ ಚೀನಾ, ತೈವಾನಿನ ಊರುಗಳಲ್ಲಿ ಜನ ನಡೆಸಿಕೊಂಡು ಬಂದ ದಾವೊ ಧರ್ಮದಲ್ಲಿ ಗಂಟೆ, ಡೋಲು, ಧೂಪ, ಪುರೋಹಿತರು ಎಲ್ಲಾ ಉಂಟು. ಅದರಲ್ಲಿ ನನ್ನ ಮನಸ್ಸು ಹಿಡಿದ ಸಂಗತಿ ಒಂದಿದೆ. ಅಲ್ಲಿ ದೇವರ ಮುಂದೆ ಕೈಮುಗಿದರಷ್ಟೇ ಸಾಲದು, ಅರ್ಜಿ ಬರೆದು ಕಳಿಸಬೇಕು.

ಇದು ತುಂಬಾ ಹಳೆಯ ಪದ್ಧತಿ. ಕ್ರಿ.ಶ. 142ರಲ್ಲಿ ಸಿಚುವಾನ್ ಸೀಮೆಯ ಬೆಟ್ಟವೊಂದರಲ್ಲಿ ಝಾಂಗ್ ದಾವೊಲಿಂಗ್ ಎಂಬವನಿಗೆ ದೈವರೂಪದ ಲಾವೋತ್ಸೆ ಕಾಣಿಸಿಕೊಂಡ ಎಂದು ಭಕ್ತರು ನಂಬುತ್ತಾರೆ. ಝಾಂಗ್ ಕಟ್ಟಿದ ಪಂಥದವರು ವರ್ಷಕ್ಕೆ ಐದು ಅಳತೆ ಅಕ್ಕಿ ಕೊಡುತ್ತಿದ್ದರು. ಕಾಯಿಲೆ ಬಿದ್ದವರು ಒಂದು ಕೋಣೆಯಲ್ಲಿ ಕೂತು ತಮ್ಮ ತಪ್ಪುಗಳನ್ನು ನೆನೆಯಬೇಕಿತ್ತು. ಆಮೇಲೆ ಅವರ ಹೆಸರು, ತಪ್ಪೊಪ್ಪಿಗೆ ಬರೆದು ಮೂರು ಪ್ರತಿ ಮಾಡುತ್ತಿದ್ದರು. ಆಕಾಶದ ಅಧಿಕಾರಿಗೆ ಸೇರಬೇಕಾದದ್ದನ್ನು ಬೆಟ್ಟದ ಮೇಲೆ ಇಡುವುದು. ಭೂಮಿಯ ಅಧಿಕಾರಿಯದ್ದನ್ನು ಮಣ್ಣಲ್ಲಿ ಹೂಳುವುದು. ನೀರಿನ ಅಧಿಕಾರಿಯದ್ದನ್ನು ನೀರಲ್ಲಿ ಮುಳುಗಿಸುವುದು. ದೇವರಿಗೆ ರಕ್ತಬಲಿ ಬೇಡ ಎಂದೂ ಆ ಪಂಥ ಹೇಳಿತು. ಬಲಿ ಕೊಡುವುದೇ ರೂಢಿಯಾಗಿದ್ದ ಕಾಲದಲ್ಲಿ ಆ ಜಾಗಕ್ಕೆ ಬರಹವನ್ನು ತಂದದ್ದು ದೊಡ್ಡ ಧೈರ್ಯ ಅಲ್ವಾ?

ಇವತ್ತಿಗೂ ತೈವಾನಿನಲ್ಲಿ ಗುಡಿ ಜೀರ್ಣೋದ್ಧಾರವಾದಾಗ 'ಜ್ಯಾವ್' ಎಂಬ ಪೂಜೆ ದಿನಗಟ್ಟಲೆ ನಡೆಯುತ್ತದೆ. ಅರ್ಜಿಯಲ್ಲಿ ಊರು ಯಾವುದು, ಪೂಜೆ ಯಾತಕ್ಕೆ, ಮಾಡಿಸುವವರು ಯಾರು ಎಂಬುದೆಲ್ಲ ಇರಬೇಕು. ಪುರೋಹಿತ ಅದನ್ನು ಗಟ್ಟಿಯಾಗಿ ಓದುತ್ತಾನೆ. ಮನೆಮನೆಯ ಹೆಸರಿನ ಉದ್ದ ಪಟ್ಟಿಯನ್ನು ಗುಡಿಯ ಹೊರಗೆ ಅಂಟಿಸುತ್ತಾರೆ. ಬಡವನ ಮನೆಯ ಹೆಸರೂ ದೇವಲೋಕದ ಕಡತಕ್ಕೆ ಸೇರುತ್ತದೆ. ನನಗೆ ಈ ಪೂಜೆಯ ಜೀವವೇ ಅದು ಅನ್ನಿಸುತ್ತದೆ.

ಅರ್ಜಿ ತಲುಪಿಸುವ ಕೆಲಸವೂ ಪುರೋಹಿತನದ್ದೇ. ಸಪ್ತರ್ಷಿ ಮಂಡಲದ ನಕ್ಷತ್ರಗಳ ಮೇಲೆ ನಡೆಯುವ ಹಾಗೆ ಅವನು ಹೆಜ್ಜೆ ಇಡುತ್ತಾನೆ. ತನ್ನ ಮೈಯೊಳಗೇ ಇರುವ ದೇವತೆಗಳನ್ನು ಕರೆಯುತ್ತಾನೆ. ಆಮೇಲೆ ನೆಲಕ್ಕೆ ಹಣೆಯಿಟ್ಟು ಅಲ್ಲಾಡದೆ ಇರುತ್ತಾನೆ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸಬಹುದು. ಅವನು ಮಾತ್ರ ಮನಸ್ಸಿನಲ್ಲೇ ಮೇಲೇರಿ ದೇವಸಭೆಗೆ ಅರ್ಜಿ ಒಪ್ಪಿಸುತ್ತಿರುತ್ತಾನೆ. ಕೊನೆಗೆ ಆ ಕಾಗದವನ್ನು ಸುಡುತ್ತಾರೆ.

ಇಂಥ ಪೂಜೆ ನಡೆಸುವ ಪುರೋಹಿತರಲ್ಲಿ ಸಂಸಾರಸ್ಥರೇ ಜಾಸ್ತಿ. ಕೈಬರಹದ ಪೂಜಾ ಪುಸ್ತಕಗಳು ಅಪ್ಪನಿಂದ ಮಗನಿಗೆ ಬರುತ್ತವೆ. ಬೀಜಿಂಗ್‌ನ ಬಿಳಿ ಮೋಡದ ಗುಡಿಯಲ್ಲಿರುವ ಸನ್ಯಾಸಿಗಳ ಪಂಥ ಬೇರೆ.

ದೇವಲೋಕಕ್ಕೆ ಸುದ್ದಿ ಹೋಗುವುದು ಗುಡಿಯಿಂದ ಮಾತ್ರ ಅಲ್ಲ, ಮನೆಗಳಲ್ಲಿ ಒಲೆಯ ದೇವರಿದ್ದಾನೆ. ವರ್ಷವಿಡೀ ಮನೆಯವರ ನಡತೆ ನೋಡಿ, ಚೀನೀ ಹೊಸ ವರ್ಷಕ್ಕೆ ವಾರದ ಮುಂಚೆ ದೇವಲೋಕಕ್ಕೆ ಹೋಗಿ ವರದಿ ಒಪ್ಪಿಸುತ್ತಾನೆ. ಹೊರಡುವ ಮುಂಚೆ ಅವನ ಚಿತ್ರದ ಬಾಯಿಗೆ ಅಂಟಂಟು ಸಿಹಿ ಸವರುತ್ತಾರೆ, ಒಳ್ಳೆಯದನ್ನೇ ಹೇಳಲಿ ಅಂತ. ಆಮೇಲೆ ಚಿತ್ರವನ್ನು ಸುಟ್ಟು ಅವನನ್ನು ಕಳಿಸಿಕೊಡುತ್ತಾರೆ. ಹೊಸ ವರ್ಷದ ಹೊತ್ತಿಗೆ ಒಲೆಯ ಮೇಲೆ ಹೊಸ ಚಿತ್ರ ಅಂಟಿಸಿ ಮತ್ತೆ ಬರಮಾಡಿಕೊಳ್ಳುತ್ತಾರೆ.

ನಮಸ್ಕಾರ.