ಎದ್ದು ಬಂದವರು ಒಲೆ ಹಚ್ಚಿದರು

ಕೇಳುಗರೇ, ನಮಸ್ಕಾರ.

ಈಸ್ಟರ್ ಹತ್ತಿರ ಬಂದರೆ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಯ್ಯನವರೇ, ಸತ್ತ ಮೇಲೆ ಏನಾಗುತ್ತೆ?" ಕೇಳಬಾರದು ಅಂತಲ್ಲ. ಸಾವಾದ ಮನೆಯವರು ಕೇಳಿದರೆ ಪಕ್ಕದಲ್ಲಿ ಕೂತು ಉತ್ತರ ಹೇಳುತ್ತೇನೆ. ಆದರೆ ಎಲ್ಲರೂ ಅಲ್ಲಿಗೇ ನಿಲ್ಲಿಸಿಬಿಟ್ಟರೆ ನನಗೆ ಸಂಕಟವಾಗುತ್ತದೆ. ಈಸ್ಟರ್ ಹೇಳುವುದು ಯೇಸುಸ್ವಾಮಿ ಸಾವಿನಿಂದ ಎದ್ದು ಬಂದರು ಅಂತ, ಅದು ಇವತ್ತಿನ ಸುದ್ದಿ. ಇವತ್ತಿನ ಮೈ, ಇವತ್ತಿನ ಕೆಲಸ, ಇವತ್ತಿನ ಊಟ. ಇದೊಂದನ್ನು ನೆನಪಿಡಿ, ಸಾಕು.

ಎದ್ದು ಬಂದ ಮೇಲೆ ಅವರು ಏನು ಮಾಡಿದರು ಗೊತ್ತಾ? ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ, 21ನೆಯದು, ತೆಗೆದು ನೋಡಿ. ಗಲಿಲಾಯದ ಸರೋವರ. ಏಳು ಜನ ಶಿಷ್ಯರು. "ನಾನು ಮೀನು ಹಿಡಿಯೋಕೆ ಹೋಗ್ತೀನಿ" ಅಂತ ಪೇತ್ರ ಹೊರಟ. ಉಳಿದವರೂ ದೋಣಿ ಹತ್ತಿದರು. ರಾತ್ರಿಯಿಡೀ ಒಂದು ಮೀನೂ ಸಿಗಲಿಲ್ಲ. ಬರೀ ಬಲೆ ಎಳೆದುಕೊಂಡು ಬರುವ ಬೆಳಗು ಹೇಗಿರುತ್ತದೆ ಅಂತ ನಮ್ಮ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ.

ಬೆಳಕು ಹರಿಯುವ ಹೊತ್ತಿಗೆ ದಡದಲ್ಲಿ ಯಾರೋ ನಿಂತಿದ್ದರು. ಗುರುತು ಸಿಗಲಿಲ್ಲ. "ದೋಣಿಯ ಬಲಗಡೆ ಬಲೆ ಹಾಕಿ" ಅಂದರು. ಹಾಕಿದರೆ, ಎಳೆಯಲಾಗದಷ್ಟು ಮೀನು! "ಸ್ವಾಮಿಯೇ ಅವರು" ಅಂತ ಒಬ್ಬ ಶಿಷ್ಯ ಹೇಳಿದ್ದೇ ತಡ, ಪೇತ್ರ ನೀರಿಗೆ ಹಾರಿದ. ದಡ ಸುಮಾರು 200 ಮೊಳ ದೂರ. ಬಲೆಯಲ್ಲಿದ್ದದ್ದು 153 ದೊಡ್ಡ ಮೀನು. ಈ 153ಕ್ಕೆ ಪಂಡಿತರು ಏನೇನೋ ಗೂಢಾರ್ಥ ಹುಡುಕಿದ್ದಾರೆ. ನನಗೆ ಅದು ಬೇಡ. ಮೀನುಗಾರರು ಮೀನು ಎಣಿಸಿದರು, ಅಷ್ಟೇ. ಸಾವನ್ನು ಗೆದ್ದವರು ಎದುರಿಗೇ ಇದ್ದರೂ ಆ ದಿನದ ದುಡಿಮೆಯ ಲೆಕ್ಕ ಬಿಟ್ಟುಹೋಗಲಿಲ್ಲ.

ದಡದಲ್ಲಿ ಏನಿತ್ತು? ಕೆಂಡ. ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಎದ್ದು ಬಂದ ಸ್ವಾಮಿ ಒಲೆ ಹಚ್ಚಿ ಕಾಯುತ್ತಿದ್ದರು! ಅವರ ಹತ್ತಿರ ಆಗಲೇ ಮೀನು ಇತ್ತು, ಅಲ್ವಾ? ಆದರೂ "ನೀವು ಈಗ ಹಿಡಿದದ್ದರಲ್ಲೂ ಸ್ವಲ್ಪ ತನ್ನಿ" ಅಂದರು. ಅವರ ಅಡುಗೆಯಲ್ಲಿ ನಮ್ಮ ದುಡಿಮೆಗೂ ಜಾಗ ಉಂಟು. ಆಮೇಲೆ "ಬನ್ನಿ, ಊಟ ಮಾಡಿ" ಅಂತ ಕರೆದು ತಾವೇ ಕೊಟ್ಟರು.

ಆ ಕೆಂಡದ ವಿಷಯ ಇನ್ನೊಂದಿದೆ. ಯೇಸುವನ್ನು ಹಿಡಿದ ರಾತ್ರಿ ಪೇತ್ರ ಇಂಥದ್ದೇ ಕೆಂಡದ ಹತ್ತಿರ ಮೈ ಕಾಯಿಸಿಕೊಳ್ಳುತ್ತಾ "ನಾನು ಅವರ ಶಿಷ್ಯ ಅಲ್ಲ" ಅಂದಿದ್ದ. ಮೂರು ಸಲ ಅಲ್ಲಗಳೆದಿದ್ದ. ಇಲ್ಲಿ ಸ್ವಾಮಿ ಆ ಮಾತನ್ನೇ ಎತ್ತಲಿಲ್ಲ. ಮೊದಲು ಹೊಟ್ಟೆ ತುಂಬಿಸಿದರು. ಆಮೇಲೆ "ನನ್ನನ್ನು ಪ್ರೀತಿಸುತ್ತೀಯಾ" ಅಂತ ಮೂರು ಸಲ ಕೇಳಿ, ಮೂರು ಸಲವೂ ಕೆಲಸ ಕೊಟ್ಟರು. ನನ್ನ ಕುರಿಗಳನ್ನು ನೋಡಿಕೋ.

ನಮ್ಮ ಸಭೆಯ ಒಬ್ಬ ಅಕ್ಕ ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡರು. ದಿನಾ ಮೈ ಒರೆಸಿ, ತಲೆ ಬಾಚಿ, ಸೀರೆ ಬದಲಾಯಿಸುತ್ತಿದ್ದರು. "ಇನ್ನೆಷ್ಟು ದಿನ ಇರೋ ಜೀವ, ಯಾಕಿಷ್ಟು ಮಾಡ್ತೀಯ?" ಅಂತ ಪಕ್ಕದ ಮನೆಯವರು ಕೇಳಿದರಂತೆ. "ದೇವರು ಎಬ್ಬಿಸೋದು ಇದೇ ಮೈಯನ್ನಲ್ವಾ?" ಅಂದರು ಆ ಅಕ್ಕ. ಸರಿಯಾಗೇ ಹೇಳಿದರು. ಸ್ವಾಮಿ ಎದ್ದು ಬಂದದ್ದನ್ನು ನಂಬದಿದ್ದ ಶಿಷ್ಯ ತೋಮನಿಗೆ ತೋರಿಸಿದ್ದು ಮೊಳೆಯ ಗಾಯವಿದ್ದ ಅದೇ ಕೈಗಳನ್ನು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಯೇಸುವಿನ ಸುದ್ದಿ ಊರೂರಿಗೆ ಸಾರಿದ ಪೌಲನ ಮಾತು ಬೇಗ ಹೇಳಿಬಿಡುತ್ತೇನೆ. ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಪೂರ್ತಿ ಪುನರುತ್ಥಾನದ್ದೇ, ಅಂದರೆ ಸತ್ತವರು ಎದ್ದು ಬರುವುದರದ್ದೇ, 58 ವಚನ. ಕೊನೆಯಲ್ಲಿ, ನಿಮ್ಮ ದುಡಿಮೆ ವ್ಯರ್ಥವಲ್ಲ ಅನ್ನುತ್ತಾನೆ. ಅದರ ಬೆನ್ನಿಗೇ ಬರುವ ಮಾತು ಯಾವುದು? ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಹಣ ಕೂಡಿಸುವುದು! ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಯಲ್ಲಿ ಒಂದಿಷ್ಟು ತೆಗೆದಿಡಿ ಅನ್ನುತ್ತಾನೆ. ವಾರದ ಮೊದಲ ದಿನ ಅಂದರೆ ಭಾನುವಾರ, ಸ್ವಾಮಿ ಎದ್ದ ದಿನ.

ನಮಸ್ಕಾರ.