ಮಲೆನಾಡಿನ ತಗ್ಗಿನಿಂದ ಒಂದು ಸಣ್ಣ ಸಿಗ್ನಲ್

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ, ತೋಟದ ತಗ್ಗಿನಲ್ಲಿ. ಸುತ್ತ ಗುಡ್ಡ. ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ಮೊಬೈಲ್ ನೆಟ್‌ವರ್ಕು. ಆಗ ನಾನು ಬ್ಯಾಟರಿಗೆ ರಿಗ್ ಸಿಕ್ಕಿಸಿ, ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ರಿಗ್ ಅಂದರೆ ಹವ್ಯಾಸಿ ರೇಡಿಯೋದವರ ಟ್ರಾನ್ಸೀವರ್. ಕೇಳುವುದೂ ಅದರಲ್ಲೇ, ಕಳಿಸುವುದೂ ಅದರಲ್ಲೇ. ಕಳಿಸಬೇಕಾದರೆ ಪರವಾನಗಿ ಬೇಕು. ಪರೀಕ್ಷೆ ಬರೆದು ಪಾಸಾದರೆ ಕೇಂದ್ರ ಸರ್ಕಾರ ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ನಮ್ಮನ್ನು ಗುರುತಿಸುವ ಸಂಕೇತ, ಕೊಡುತ್ತದೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಕಲಿಯಬೇಕಾಗಿಲ್ಲ, ಹೆದರಬೇಡಿ.

ಇವತ್ತು ಹೇಳಹೊರಟಿದ್ದು ಮಾತಿಲ್ಲದ ರೇಡಿಯೋ ಬಗ್ಗೆ. ಅದಕ್ಕೆ ಡಿಜಿಟಲ್ ಮೋಡ್ ಅನ್ನುತ್ತಾರೆ. ಕಂಪ್ಯೂಟರ್ ಅಕ್ಷರಗಳನ್ನು ಶಬ್ದ ಮಾಡಿ ರಿಗ್‌ಗೆ ಕೊಡುತ್ತದೆ. ಆ ಕಡೆಯ ಕಂಪ್ಯೂಟರ್ ಅದೇ ಶಬ್ದ ಕೇಳಿ ಮತ್ತೆ ಅಕ್ಷರ ಮಾಡುತ್ತದೆ. ಈಗ ಎಲ್ಲರ ಬಾಯಲ್ಲೂ ಇರುವುದು ಎಫ್‌ಟಿ8. 2017ರಲ್ಲಿ ಬಂತು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬರು ಅಮೆರಿಕದ ಜೋ ಟೇಲರ್, 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಇನ್ನೊಬ್ಬರು ಸ್ಟೀವ್ ಫ್ರಾಂಕೆ. ಇದರಲ್ಲಿ ಎಂಟು ಸ್ವರ. ಸರಿಗಮಪದನಿಸ ಎಣಿಸಿದರೂ ಎಂಟೇ ಅಲ್ವಾ? ಆದರೆ ಇಲ್ಲಿ ಒಂದು ಸ್ವರದಿಂದ ಮುಂದಿನದಕ್ಕೆ ಬರೀ 6.25 ಹರ್ಟ್ಸ್ ಅಂತರ. ಕಿವಿಗೆ ಯಾರೋ ಒಂದೇ ಶ್ರುತಿ ಎಳೆದ ಹಾಗೆ ಕೇಳುತ್ತದೆ. ರಿಗ್‌ನಲ್ಲಿ ಬರೀ ಗೊರಗೊರ ಇದ್ದಾಗಲೂ ಅದರ ಅಡಿಯಿಂದ ಕಾಲ್‌ಸೈನ್ ಹೆಕ್ಕಿ ತೆಗೆಯುತ್ತದೆ ಈ ತಂತ್ರಾಂಶ. ತಗ್ಗಿನಲ್ಲಿ ಕೂತ ನನ್ನಂಥವನಿಗೆ ಇನ್ನೇನು ಬೇಕು?

ಜೋಡಿಸುವುದು ಸುಲಭ. ಹೊಸ ರಿಗ್‌ಗಳ ಒಳಗೇ ಸೌಂಡ್ ಕಾರ್ಡ್ ಇರುತ್ತದೆ, ಒಂದು ಯುಎಸ್‌ಬಿ ಕೇಬಲ್ ಸಾಕು. ಹಳೆಯದಾದರೆ ನಡುವೆ ಒಂದು ಇಂಟರ್‌ಫೇಸ್ ಡಬ್ಬಿ ಬೇಕು. ಕೇಬಲ್ ಸಿಕ್ಕಿಸುವ ಮೊದಲೇ ಡ್ರೈವರ್ ಹಾಕಿಕೊಳ್ಳಿ. ಬಾಡ್ ರೇಟ್ ಅಂತ ಒಂದು ಸಂಖ್ಯೆ ಇರುತ್ತದೆ, ರಿಗ್ಗೂ ಕಂಪ್ಯೂಟರೂ ಮಾತಾಡಿಕೊಳ್ಳುವ ವೇಗ. ಅದು ರಿಗ್‌ನಲ್ಲೂ ಕಂಪ್ಯೂಟರ್‌ನಲ್ಲೂ ಒಂದೇ ಇರಬೇಕು. ಇನ್ನೊಂದು ತಮಾಷೆ ಇದೆ. ರೇಡಿಯೋದವರಿಗೆ ಯುಎಸ್‌ಬಿ ಅಂದರೆ ಅಪ್ಪರ್ ಸೈಡ್‌ಬ್ಯಾಂಡ್, ಅಂದರೆ ಸಿಗ್ನಲ್ಲಿನ ಮೇಲಿನ ಪಕ್ಕ, ಕೂಡ ಹೌದು. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡುವಾಗ ಲೋವರ್ ಸೈಡ್‌ಬ್ಯಾಂಡ್ ಬಳಸುವುದು ರೂಢಿ. ಎಫ್‌ಟಿ8ಗೆ ಮಾತ್ರ ಎಲ್ಲ ಬ್ಯಾಂಡಿನಲ್ಲೂ ಅಪ್ಪರೇ. 7.074 ಮೆಗಾಹರ್ಟ್ಸ್‌ಗೋ 14.074ಕ್ಕೋ ತಿರುಗಿಸಿ, ಡೇಟಾ ಮೋಡ್ ಒತ್ತಿದರೆ ಪರದೆಯ ಮೇಲೆ ಮಳೆ ಸುರಿದ ಹಾಗೆ ಗೆರೆಗಳು ಇಳಿಯುತ್ತವೆ.

ನಾನು ಎಡವಿದ್ದು ಇದಾದ ಮೇಲೆ. ಗುಡ್ಡ ದಾಟಬೇಕಲ್ಲ ಅಂತ ಕಂಪ್ಯೂಟರಿನ ವಾಲ್ಯೂಮ್ ಪೂರ್ತಿ ಏರಿಸಿಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಹಿರಿಯ ಹವ್ಯಾಸಿಯೊಬ್ಬರ ಫೋನ್ ಬಂತು. “ಎಂಥ ಮಾರಾಯ, ನೀನು ಒಬ್ಬನೇ ಕೂತಿದ್ದೀಯೋ, ಮನೆಯಲ್ಲಿ ಮೂರು ಜನ ಇದ್ದೀರೋ?” ಅವರ ಪರದೆಯಲ್ಲಿ ನಾನು ಮೂರು ಕಡೆ ಕಾಣುತ್ತಿದ್ದೆ. 700 ಹರ್ಟ್ಸ್‌ನಲ್ಲಿ ಒಂದು ಗೆರೆ, 1400ರಲ್ಲಿ ಅದರ ನೆರಳು, 2100ರಲ್ಲಿ ಇನ್ನೊಂದು. ಯಕ್ಷಗಾನದ ಮೈಕ್ ಜೋರು ಮಾಡಿದರೆ ಭಾಗವತರ ದನಿ ಒಡೆಯುತ್ತದಲ್ಲ, ಅದೇ ಕಥೆ. ಒಡೆದ ಚೂರುಗಳು ಬೇರೆಯವರ ಜಾಗಕ್ಕೆ ಹೋಗಿ ಬೀಳುತ್ತವೆ.

ಮದ್ದು ಏನೆಂದರೆ, ರಿಗ್‌ಗೆ ಹೋಗುವ ಶಬ್ದ ಹೆಚ್ಚಾಯಿತೇ ಅಂತ ತೋರಿಸುವ ಎಎಲ್‌ಸಿ ಮೀಟರ್ ನೋಡುತ್ತ ಕಂಪ್ಯೂಟರಿನ ಶಬ್ದ ಇಳಿಸುವುದು. ಮುಳ್ಳು ಏಳಲೋ ಬೇಡವೋ ಅನ್ನುವಲ್ಲಿಗೆ ಬಂದಾಗ ನಿಲ್ಲಿಸಿ. ಮಾತಿನ ದನಿ ಗಟ್ಟಿ ಮಾಡುವ ಸ್ಪೀಚ್ ಪ್ರೊಸೆಸರ್ ಆಫ್ ಇರಲಿ. ಸ್ವರವನ್ನು 1500 ಹರ್ಟ್ಸ್‌ಗಿಂತ ಮೇಲೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಆಗ ನೆರಳು ಬಿದ್ದರೂ 3000ದಾಚೆ ಬೀಳುತ್ತದೆ, ರಿಗ್‌ನ ಫಿಲ್ಟರ್ ಅದನ್ನು ತಡೆಯುತ್ತದೆ. ಪವರ್ ಕೂಡ ಇಳಿಸಿ. ನನ್ನದು 100 ವಾಟ್‌ನ ರಿಗ್, ನಾನು 25 ದಾಟುವುದಿಲ್ಲ. ಮಾತಿನ ನಡುವೆ ನಾವು ಉಸಿರು ತೆಗೆದುಕೊಳ್ಳುತ್ತೇವೆ, ರಿಗ್‌ಗೂ ಬಿಡುವು ಸಿಗುತ್ತದೆ. ಎಫ್‌ಟಿ8ನಲ್ಲಿ 12.64 ಸೆಕೆಂಡು ಒಂದೇ ಸಮ ದುಡಿತ. ಕೈ ಇಟ್ಟು ನೋಡಿದರೆ ಬಿಸಿ ಗೊತ್ತಾಗುತ್ತದೆ. ಕಂಪ್ಯೂಟರಿನ ಟಿಂಗ್ ಟಿಂಗ್ ಶಬ್ದಗಳನ್ನೂ ರಿಗ್‌ಗೆ ಹೋಗದ ಹಾಗೆ ಮಾಡಿ. ನನ್ನ ಮೇಲ್ ಬಂದ ಗಂಟೆ ಒಮ್ಮೆ ಗಾಳಿಗೇ ಹೋಗಿದೆ!

ಇನ್ನು ಗಡಿಯಾರ. ಪ್ರತಿ ನಿಮಿಷದ 0, 15, 30, 45ನೇ ಸೆಕೆಂಡಿಗೆ ಎಲ್ಲರೂ ಸರದಿ ಪ್ರಕಾರ ಕಳಿಸುತ್ತಾರೆ. ಸಮಯ ಒಂದು ಸೆಕೆಂಡಿಗಿಂತ ಜಾಸ್ತಿ ತಪ್ಪಬಾರದು. ಇಂಟರ್‌ನೆಟ್ ಇದ್ದರೆ ಗಡಿಯಾರ ತಾನೇ ಸರಿಯಾಗುತ್ತದೆ. ಒಂದು ಆಷಾಢದಲ್ಲಿ ಮೂರು ದಿನ ನೆಟ್‌ವರ್ಕ್ ಇರಲಿಲ್ಲ. ಕರೆದು ಕರೆದು ಸಾಕಾಯಿತು, ಉತ್ತರ ಕೊಡುವವರೇ ಕಮ್ಮಿ. ಬಂದ ಸಿಗ್ನಲ್ ನನ್ನ ಗಡಿಯಾರಕ್ಕಿಂತ ಎಷ್ಟು ಸೆಕೆಂಡು ತಡ ಅಂತ ತೋರಿಸುವ ಡಿಟಿ ಅನ್ನುವ ಕಾಲಂ ನೋಡಿದೆ. ಒಬ್ಬರ ಮುಂದೆ 1.8, ಇನ್ನೊಬ್ಬರ ಮುಂದೆ 1.9, ಮತ್ತೊಬ್ಬರದು 1.7. ಊರಿಗೆ ಊರೇ ತಡ ಅಂದರೆ ಏನರ್ಥ? ನನ್ನ ಗಡಿಯಾರವೇ ಮುಂದೆ ಓಡಿದೆ! ಕೈಯಲ್ಲೇ ಒಂದೂಮುಕ್ಕಾಲು ಸೆಕೆಂಡು ಹಿಂದಕ್ಕೆ ತಳ್ಳಿದೆ. ಮುಂದಿನ ಸರದಿಯಲ್ಲೇ ಜಪಾನಿನವರೊಬ್ಬರು ಉತ್ತರ ಕೊಟ್ಟರು. ಈಗ ಉಪಗ್ರಹದಿಂದ ಸರಿ ಸಮಯ ಪಡೆಯಲು ಬೆಂಕಿಪೊಟ್ಟಣದಷ್ಟು ದೊಡ್ಡ ಜಿಪಿಎಸ್ ತಂದು ಕಿಟಕಿಯಲ್ಲಿ ಇಟ್ಟಿದ್ದೇನೆ.

ಆಂಟೆನಾಕ್ಕೆ ತಾಮ್ರದ ತಂತಿ ಸಾಕು. 7.074ಕ್ಕೆ ಡೈಪೋಲ್, ಅಂದರೆ ಎರಡು ಕೈಯ ತಂತಿ ಆಂಟೆನಾ, ಕಟ್ಟುವುದಾದರೆ ಪ್ರತಿ ಕೈಗೆ ಸುಮಾರು 10 ಮೀಟರ್. ಕಂಬಕ್ಕೆ ನಮ್ಮಲ್ಲಿ ಅಡಿಕೆ ಮರಕ್ಕೇನು ಬರವೇ? ಆದರೆ ಈಗ ಕೊನೆ ಕೊಯ್ಯಲು ಬಂದಿರುವ ಕಾರ್ಬನ್ ಫೈಬರ್ ದೋಟಿಗೆ ತಂತಿ ಕಟ್ಟಲು ಹೋಗಬೇಡಿ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಆಂಟೆನಾ ಹಾಳಾಗುವುದು ಒಂದು ಕಡೆಯಿರಲಿ, ಕರೆಂಟ್ ಲೈನ್ ತಗುಲಿದರೆ ಜೀವಕ್ಕೇ ಅಪಾಯ. ಬಿದಿರಿನ ಗಳವೇ ಸರಿ. ಕಳಿಸುವಾಗ ಮೌಸ್ ಸ್ತಬ್ಧವಾದರೆ ಯುಎಸ್‌ಬಿ ಕೇಬಲನ್ನು, ಅದರಲ್ಲಿ ನುಗ್ಗುವ ರೇಡಿಯೋ ಅಲೆ ತಡೆಯುವ ಫೆರೈಟ್ ಬಳೆಗೆ ಎಂಟು ಹತ್ತು ಸುತ್ತು ಸುತ್ತಿ. ಮೇ ತಿಂಗಳ ಗುಡುಗು ದೂರದಲ್ಲಿ ಕೇಳಿದರೂ ಸಾಕು, ಆಂಟೆನಾದ ಕೇಬಲನ್ನು ರಿಗ್‌ನಿಂದ ಕಳಚಿ ಮನೆಯ ಹೊರಗೆ ಹಾಕಿಬಿಡಿ.

ಎಫ್‌ಟಿ8ನಲ್ಲಿ ಊರಿನ ಹೆಸರು ಹೇಳುವುದಿಲ್ಲ. ಭೂಮಿಯನ್ನು ಚೌಕ ಚೌಕ ಮಾಡಿ, ಆ ಚೌಕದ ಸಂಕೇತ ಕಳಿಸುತ್ತೇವೆ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಆಗುಂಬೆ ಎಲ್ಲ ಬೀಳುವುದು ಎಂಕೆ73 ಚೌಕದಲ್ಲಿ. ಸಾಗರ, ಶಿಕಾರಿಪುರದವರು ಎಂಕೆ74. ಹವ್ಯಾಸಿಗಳು ಮಾತು ಮುಗಿಸುವಾಗ ಶುಭಾಶಯಕ್ಕೆ ಹೇಳುವ ಸಂಖ್ಯೆಯೂ 73ಏ. ಸಾಗರದ ಗೆಳೆಯರಿಗೆ ಇದನ್ನು ಹೇಳಿ ರೇಗಿಸುವುದು ನನಗೆ ರೂಢಿ. ಅವರೂ ಕೇಳುತ್ತಿರಬಹುದು. ಎಲ್ಲರಿಗೂ 73, ನಮಸ್ಕಾರ.